ಕೊಬ್ಬರಿ ಎಣ್ಣೆ ಕುಡಿದು ಕೂತಿದ್ದ ಉಷಾ ಮೆಷಿನ್

ಬಸವನಗುಡಿಯ ದೊಡ್ಡಮ್ಮ ಮನೆ ಖಾಲಿ ಮಾಡುವಾಗ ಅವರ ಕಪ್ಪು ಉಷಾ ಹೊಲಿಗೆ ಮೆಷಿನ್ ನನ್ನ ಪಾಲಿಗೆ ಬಂತು. ಕಾಲಲ್ಲಿ ತುಳಿಯೋ ಮೆಷಿನ್. ಚಕ್ರ ಅಲ್ಲಾಡುತ್ತಿರಲಿಲ್ಲ. ಗುಜರಿಯವನು ಸ್ಟ್ಯಾಂಡಿನ ಕಬ್ಬಿಣಕ್ಕಷ್ಟೇ ಬೆಲೆ ಕಟ್ಟಿದ. ರಿಪೇರಿ ಕೆಲಸ ಗೊತ್ತಿಲ್ಲದ ನಾನು, ನೋಡೇಬಿಡೋಣ ಅಂತ ಕೂತೆ.

ಕೈ ಹಾಕುವ ಮುಂಚೆ ದೊಡ್ಡಮ್ಮನನ್ನು ಕೇಳಿದೆ, ಎಣ್ಣೆ ಏನು ಹಾಕ್ತಿದ್ರಿ ಅಂತ. "ಕೊಬ್ಬರಿ ಎಣ್ಣೆ ಕಣೋ, ಪ್ರತಿ ಶುಕ್ರವಾರ ತಪ್ಪದೇ ಬಿಡ್ತಿದ್ದೆ" ಅಂದರು. ಅಲ್ಲೇ ರೋಗ ಸಿಕ್ಕಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಬೆಂಗಳೂರಿನ ಚಳಿಗಾಲದಲ್ಲಿ ಬಚ್ಚಲುಮನೆಯ ಡಬ್ಬಿಯಲ್ಲಿ ನೋಡಿಲ್ವಾ? ಮೆಷಿನ್ ಒಳಗೂ ಅದೇ ಕಥೆ. ಮೇಲಿಂದ ಬಟ್ಟೆಯ ನಾರು, ಧೂಳು ಸೇರಿ ವರ್ಷಗಟ್ಟಲೆ ನಿಂತರೆ ಕಂದು ಬಣ್ಣದ ಅಂಟಾಗುತ್ತೆ. ಸಾಲದ್ದಕ್ಕೆ ಆಯುಧಪೂಜೆಯ ಅರಿಶಿನ, ಕುಂಕುಮ. ಎಣ್ಣೆ ಬಿಡೋ ತೂತುಗಳ ಬಾಯಲ್ಲೇ ಕೆಂಪಗೆ ಹೆಪ್ಪುಗಟ್ಟಿತ್ತು. ಅವನ್ನು ಹಲ್ಲುಕಡ್ಡಿಯಲ್ಲಿ ಕೆರೆದು ತೆಗೆದೆ.

ಹೇರ್ ಡ್ರೈಯರ್‌ನಿಂದ ಮೆಷಿನ್ನಿನ ತಲೆಗೆ ಹದವಾಗಿ ಬಿಸಿ ಕೊಟ್ಟೆ. ಒಳಗಿನ ಜಿಡ್ಡು ಸಡಿಲವಾಗಲಿ ಅಂತ. ಆಮೇಲೆ ಒಂದೊಂದು ತೂತಿಗೂ, ಲೋಹಕ್ಕೆ ಲೋಹ ಉಜ್ಜುವ ಒಂದೊಂದು ಜಾಗಕ್ಕೂ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟೆ. ಇದು ಬಾಲ್ಕನಿಯಲ್ಲಿ ಮಾಡೋ ಕೆಲಸ, ಅಡುಗೆಮನೆ ಹತ್ತಿರ ಬೇಡವೇ ಬೇಡ. ಡ್ರೈಯರನ್ನೂ ಸೀಮೆಎಣ್ಣೆಯನ್ನೂ ಒಟ್ಟಿಗೆ ತರಬೇಡಿ, ಬೆಂಕಿ ಹತ್ತುತ್ತೆ. ಬೆಳಿಗ್ಗೆ ಚಕ್ರ ಅರ್ಧ ಬೆರಳಷ್ಟು ಅಲ್ಲಾಡಿತು. ಬಲ ಹಾಕಲಿಲ್ಲ. ಹಿಂದೆ ಮುಂದೆ ಅಲ್ಲಾಡಿಸೋದು, ಮತ್ತೆ ಸೀಮೆಎಣ್ಣೆ ಬಿಡೋದು, ಕಾಯೋದು.

ಚಕ್ರ ಪೂರ್ತಿ ಬಿಟ್ಟುಕೊಂಡದ್ದು ಶಟಲ್, ಅಂದರೆ ಕೆಳಗೆ ದಾರ ಹೆಣೆಯೋ ಕೊಕ್ಕೆ, ತೆಗೆದ ಮೇಲೆ. ಬಾಬಿನ್ (ಕೆಳದಾರ ಸುತ್ತಿರೋ ಉರುಳೆ) ಕೂರುವ ಕೇಸನ್ನು ಹೊರಗೆಳೆದರೆ ಹಿಂದೆ ಬಳೆಯಂಥ ಒಂದು ರಿಂಗು, ಅದನ್ನು ಹಿಡಿದಿರೋ ಎರಡು ಚಿಕ್ಕ ಕ್ಲಿಪ್ಪು ಕಾಣುತ್ತೆ. ಅವನ್ನು ಆಚೆಈಚೆ ಸರಿಸಿದರೆ ಬಳೆ, ಶಟಲ್ ಎರಡೂ ಕೈಗೆ ಬರುತ್ತೆ. ಶಟಲ್ ಕೂರುವ ಗುಂಡಿಯಲ್ಲಿ ಹಸಿರು ದಾರದ ತುಂಡೊಂದು ಸುತ್ತಿಕೊಂಡು ಕಲ್ಲಾಗಿತ್ತು. ಇಕ್ಕಳದಲ್ಲಿ ಎಳೆದೆ. ಚಕ್ರ ಸಲೀಸಾಗಿ ಒಂದು ಸುತ್ತು ಹೊಡೀತು! ಬಟ್ಟೆ ಮುಂದೆ ತಳ್ಳೋ ಹಲ್ಲುಗಳ ಸಂದಿಯಲ್ಲಿದ್ದ ನಾರಿಗೆ ಹಳೇ ಟೂತ್‌ಬ್ರಶ್ ಸಾಕು. ಬಿಚ್ಚುವ ಮುಂಚೆ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಸ್ಕ್ರೂಡ್ರೈವರ್ ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂರಬೇಕು, ಇಲ್ಲಾಂದ್ರೆ ತಲೆ ಹಾಳಾಗುತ್ತೆ.

ಸೀಮೆಎಣ್ಣೆ ಕೊಳೆ ತೆಗೆಯುತ್ತೆ ಅಷ್ಟೇ. ಅದನ್ನು ಒರೆಸಿ, ಹೊಲಿಗೆ ಮೆಷಿನ್ ಎಣ್ಣೆಯನ್ನೇ ಎಲ್ಲ ಕಡೆ ಬಿಡಬೇಕು. ಹಾಗೇ ಓಡಿಸಿದರೆ ಲೋಹ ಸವೆಯುತ್ತೆ.

ಹೊರಮೈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಸ್ಪ್ರೇ ಪೇಂಟ್ ಹೊಡೆಸಿ ಹೊಳಪಿಸಿ ಅಂದವರು ಬಹಳ ಜನ. ಮೆಷಿನ್ ಮೈಮೇಲಿನ ಬಂಗಾರದ ಬಣ್ಣದ ಬಳ್ಳಿ ಚಿತ್ರಗಳು ಹೋದ ಮೇಲೆ ಹಳೇ ಮೆಷಿನ್ ಯಾಕೆ ಬೇಕು? ಥಿನ್ನರ್, ಸ್ಪಿರಿಟ್, ನೇಲ್ ಪಾಲಿಶ್ ರಿಮೂವರ್ ಯಾವುದನ್ನೂ ಮುಟ್ಟಿಸಬೇಡಿ. ಹಳೇ ಮೆಷಿನ್‌ಗಳಲ್ಲಿ ಚಿತ್ರದ ಮೇಲೆ ಅರಗಿನ ವಾರ್ನಿಶ್ ಇರಬಹುದು, ಅದು ಸ್ಪಿರಿಟ್‌ಗೆ ಕರಗಿಹೋಗುತ್ತೆ. ನಾನು ಹತ್ತಿಗೆ ಮೆಷಿನ್ ಎಣ್ಣೆ ಹಾಕಿ ಮೆಲ್ಲಗೆ ಒರೆಸಿದೆ. ಹತ್ತಿ ಕಪ್ಪಾದರೆ ಕೊಳೆ, ಹಳದಿ ಮಿಂಚಿದರೆ ಚಿತ್ರವೇ ಏಳ್ತಿದೆ, ಅಲ್ಲಿಗೇ ನಿಲ್ಲಿಸಿ.

ಬಿಡಿಭಾಗಕ್ಕೆ ಚಿಕ್ಕಪೇಟೆಗೆ ಹೋದೆ. "ಹಳೇದು ತಂದಿದ್ದೀರಾ ಸಾರ್?" ಅನ್ನೋದೇ ಅಂಗಡಿಯವರ ಮೊದಲ ಪ್ರಶ್ನೆ. ಹಳೇ ಭಾಗ ಕೈಯಲ್ಲಿದ್ದರೆ ಮಾತೇ ಬೇಡ. ಈ ಉಷಾ ಮಾದರಿ ಮೂಲದಲ್ಲಿ ಸಿಂಗರ್ ಕಂಪನಿಯ ‘15ನೇ ಕ್ಲಾಸ್’ ಅನ್ನೋ ಮಾದರಿಯದು, 19ನೇ ಶತಮಾನದ ವಿನ್ಯಾಸ. ಅದೇ ಅಳತೆಯ ಬಾಬಿನ್, ಸೂಜಿ ಇವತ್ತಿಗೂ ಸಿಗುತ್ತೆ. ಬಾಬಿನ್ ಸುತ್ತುವ ರಬ್ಬರ್ ರಿಂಗು, ಚರ್ಮದ ಬೆಲ್ಟು, 14 ಮತ್ತು 16ನೇ ನಂಬರಿನ ಸೂಜಿ ತಂದೆ.

ಜೋಡಿಸಿದ ಮೇಲೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದ್ದರೆ ಮೊದಲು ಸೂಜಿ ನೋಡಿ. ಸೂಜಿಯ ಒಂದು ಕಡೆ ಉದ್ದಕ್ಕೆ ಗೀರಿರುತ್ತೆ, ದಾರ ಆ ಕಡೆಯಿಂದಲೇ ಕಣ್ಣಿಗೆ ಹೋಗಬೇಕು. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕಟ್ಟಿದರೆ ಎಲ್ಲರೂ ಬಾಬಿನ್ ಕೇಸಿನ ಸ್ಕ್ರೂ ತಿರುವೋಕೆ ಹೋಗ್ತಾರೆ. ತೊಂದರೆ ಸಾಮಾನ್ಯವಾಗಿ ಮೇಲಿನ ದಾರದ ಬಿಗಿ, ಅಂದರೆ ಟೆನ್ಷನ್‌ನದು. ನನ್ನದರಲ್ಲೂ ಹಾಗೇ ಆಯ್ತು. ಬಟ್ಟೆ ಒತ್ತಿ ಹಿಡಿಯೋ ಫೂಟ್ ಮೇಲೆತ್ತಿದರೆ ದಾರ ಬಿಗಿಹಿಡಿಯೋ ಟೆನ್ಷನ್ ಬಿಲ್ಲೆಗಳು ಸಡಿಲವಾಗುತ್ತವೆ. ನಡುವೆ ತೆಳು ಬಟ್ಟೆಯ ಪಟ್ಟಿ ತೂರಿಸಿ ಎಳೆದೆ, ಒಳಗಿದ್ದ ನಾರು ಬಂತು, ಕುಣಿಕೆ ನಿಂತಿತು.

ಹೊಸ ಚರ್ಮದ ಬೆಲ್ಟ್ ಓಡ್ತಾ ಓಡ್ತಾ ಹಿಗ್ಗುತ್ತೆ. ಜಾರತೊಡಗಿದರೆ ಕ್ಲಿಪ್ ಬಿಚ್ಚಿ ಕೊಂಚ ಕೊಂಚ ಕತ್ತರಿಸಿ, ತೀರಾ ಬಿಗಿಯಾದರೆ ಪೆಡಲ್ ಭಾರವಾಗುತ್ತೆ. ಎಣ್ಣೆ ಬಿಟ್ಟ ದಿನ ಹಳೇ ಪಂಚೆಯ ಚೂರಿನ ಮೇಲೆ ಸುಮ್ನೆ ನಾಲ್ಕು ಸಾಲು ಹೊಲಿಯಿರಿ. ಹೆಚ್ಚಾದ ಎಣ್ಣೆಯೆಲ್ಲ ಅದಕ್ಕೇ ಇಳಿಯುತ್ತೆ, ಒಳ್ಳೇ ಬಟ್ಟೆಗೆ ಕಲೆಯಾಗಲ್ಲ.