ತಾನಾಗೇ ರೀಸ್ಟಾರ್ಟ್ ಆಗುತ್ತಿದ್ದ ಕಂಪ್ಯೂಟರ್ ಸರಿಹೋಗಿದ್ದು ಹೀಗೆ

ಬಿಡಿಭಾಗ ತಂದು ನಾನೇ ಜೋಡಿಸಿದ ಕಂಪ್ಯೂಟರ್. ಸುಮ್ನೆ ಬ್ರೌಸರ್ ತೆರೆದಿಟ್ಟಿದ್ದರೂ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗುತ್ತಿತ್ತು. ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕಿದ್ದು ಕರ್ನಲ್-ಪವರ್ 41 ಅನ್ನುವ ಎರರ್ ಮಾತ್ರ. ಅದನ್ನು ನೋಡಿದ ಕೂಡಲೇ ಪವರ್ ಸಪ್ಲೈ ಬದಲಿಸಲು ಓಡಬೇಡಿ. ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಪ್ರೊಸೆಸರ್ ಬಿಸಿಯೂ ಜಾಸ್ತಿ ಇರಲಿಲ್ಲ.

ಪೆನ್‌ಡ್ರೈವ್‌ನಿಂದ ರ‍್ಯಾಮ್ (ಮೆಮೊರಿ) ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪರದೆ ತುಂಬ ಎರರ್! ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿದೆ, ಎರರ್ ಎಲ್ಲ ಮಾಯ. ಎಕ್ಸ್‌ಎಂಪಿ ಅಂದರೆ ಅದೂ ಓವರ್‌ಕ್ಲಾಕಿಂಗೇ (ನಿಗದಿತ ವೇಗ ಮೀರಿ ಓಡಿಸುವುದು) ಅಲ್ವಾ? ರ‍್ಯಾಮ್ ಡಬ್ಬದ ಮೇಲೆ 3600 ಅಂತ ಇದ್ದರೂ, ನಾಲ್ಕು ಸ್ಟಿಕ್ ಹಾಕಿದಾಗ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್ ಆ ವೇಗ ತಡೆದುಕೊಳ್ಳುತ್ತದೆ ಅನ್ನುವ ಖಾತ್ರಿಯಿಲ್ಲ. 3200ಕ್ಕೆ ಇಳಿಸಿ ಮತ್ತೆ ಟೆಸ್ಟ್ ಮಾಡಿದೆ, ಒಂದೂ ಎರರ್ ಬರಲಿಲ್ಲ. ಆಮೇಲೆ ರೀಸ್ಟಾರ್ಟ್ ಕಾಟವೂ ಇಲ್ಲ. ವೇಗ ಕಡಿಮೆಯಾಗಿದ್ದು ನನಗಂತೂ ಗೊತ್ತೇ ಆಗುತ್ತಿಲ್ಲ.