ಜರ್ಮನಿಗೆ ಓದಲು ಬಂದವರಿಗೆ: ಮೊದಲ ಚಳಿಗಾಲದ ಬಗ್ಗೆ ನಾಲ್ಕು ಮಾತು

ಅಕ್ಟೋಬರ್‌ನಲ್ಲಿ ಬಂದಿಳಿಯುವ ಮಕ್ಕಳು ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ರೂಮು ಹೇಗೆ ಹುಡುಕೋದು, ಬ್ಯಾಂಕ್ ಖಾತೆ ಯಾವಾಗ ಆಗುತ್ತದೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ. ಇವೆಲ್ಲ ಹೇಗೋ ಒಂದು ತಿಂಗಳಲ್ಲಿ ದಡ ಸೇರುತ್ತವೆ. ನಿಜವಾದ ಕಷ್ಟ ಶುರುವಾಗುವುದು ಅದಾದ ಮೇಲೆ, ನವೆಂಬರ್‌ನಲ್ಲಿ. ಅದರ ಬಗ್ಗೆ ಯಾರೂ ಮೊದಲೇ ಕೇಳುವುದಿಲ್ಲ. ಆದ್ದರಿಂದ ಕೇಳದಿದ್ದರೂ ಹೇಳುತ್ತಿದ್ದೇನೆ.

ಅಕ್ಟೋಬರ್‌ನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅಲ್ಲಿಂದ ಸಂಜೆ ಅನ್ನೋದೇ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಸೂರ್ಯ ಹುಟ್ಟುವುದು 8 ಗಂಟೆ ಸುಮಾರಿಗೆ, ಮುಳುಗುವುದು 4:20ಕ್ಕೆ. ಊರಲ್ಲಿ ವರ್ಷಪೂರ್ತಿ ಹನ್ನೊಂದು ಗಂಟೆಗಿಂತ ಜಾಸ್ತಿ ಬೆಳಕು ಕಂಡು ಬೆಳೆದವರು ನೀವು. ಬಂದ ಹೊಸತರ ಉತ್ಸಾಹ ಇಳಿದಿರುತ್ತದೆ, ಕ್ಲಾಸಿನಲ್ಲಿ ಗುಂಪುಗಳು ಆಗಿಬಿಟ್ಟಿರುತ್ತವೆ, ಪರೀಕ್ಷೆ ಇನ್ನೂ ದೂರ ಇದೆ ಅನ್ನಿಸುತ್ತದೆ. ಇದೆಲ್ಲ ಒಟ್ಟಿಗೆ ಬಂದಾಗ ಮನೆ ತುಂಬಾ ಕಾಡುತ್ತದೆ. ನಾನು ಹೇಳುವುದು ಇಷ್ಟೇ: ಓದು, ಜನ, ಮನೆ ಮೂರಕ್ಕೂ ವಾರದಲ್ಲಿ ಒಂದೊಂದು ಜಾಗವನ್ನು ಅಕ್ಟೋಬರ್‌ನಲ್ಲೇ ಗೊತ್ತು ಮಾಡಿಕೊಳ್ಳಿ. ಕತ್ತಲೆ ಬಂದ ಮೇಲೆ ಹೊಸದಾಗಿ ಏನನ್ನಾದರೂ ಶುರು ಮಾಡುವ ಮನಸ್ಸೇ ಬರುವುದಿಲ್ಲ.

ಮೊದಲು ಮನೆಗೆ ಮಾಡುವ ಫೋನ್ ವಿಷಯ. ಚಳಿಗಾಲದಲ್ಲಿ ಊರು ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಇಲ್ಲಿ ಸಂಜೆ 4 ಅಂದರೆ ಅಲ್ಲಿ ರಾತ್ರಿ 8:30. ಅಪ್ಪ ಕೆಲಸದಿಂದ ಬಂದಿರುತ್ತಾರೆ, ಅಜ್ಜಿ ಟಿವಿ ಮುಂದೆ, ಎಲ್ಲರೂ ಊಟಕ್ಕೆ ಕೂತಿರುತ್ತಾರೆ. ಇಲ್ಲಿ ಅದೇ ಹೊತ್ತಿಗೆ ಕ್ಲಾಸ್ ಮುಗಿದು, ಹೊರಗೆ ಕತ್ತಲಾಗುತ್ತಿರುತ್ತದೆ. ರೂಮಿಗೆ ಬಂದು ಜಾಕೆಟ್ ಬಿಚ್ಚುವ ಮೊದಲೇ ವಿಡಿಯೋ ಕಾಲ್. ಒಂದು ಗಂಟೆ, ಒಂದೂವರೆ ಗಂಟೆ ಹಾಗೇ ಹೋಗುತ್ತದೆ. ಫೋನ್ ಇಟ್ಟಾಗ ಇಲ್ಲಿ ಆರು ಗಂಟೆ, ರೂಮು ಇನ್ನೂ ಖಾಲಿ ಅನ್ನಿಸುತ್ತದೆ, ಓದಲು ಮನಸ್ಸಿಲ್ಲ. ಕ್ಲಾಸಿನವರು ಆಟಕ್ಕೋ ಅಡುಗೆಗೋ ಸೇರುವುದೂ ಇದೇ ಹೊತ್ತಿನಲ್ಲಿ. ಹೀಗೆ ಒಂದು ಫೋನ್ ಕಾಲ್ ಓದನ್ನೂ ಸ್ನೇಹವನ್ನೂ ಎರಡನ್ನೂ ನುಂಗುತ್ತದೆ. ತಪ್ಪು ಫೋನ್ ಮಾಡುವುದರಲ್ಲಿ ಇಲ್ಲ, ಮಾಡುವ ಹೊತ್ತಿನಲ್ಲಿದೆ.

ಅದನ್ನು ಬೆಳಿಗ್ಗೆಗೆ ಹಾಕಿಕೊಳ್ಳಿ. ಇಲ್ಲಿ 7:30 ಅಂದರೆ ಅಲ್ಲಿ ಮಧ್ಯಾಹ್ನ 12. ಅಮ್ಮನ ಅಡುಗೆ ಮುಗಿದು ಸ್ವಲ್ಪ ಬಿಡುವಾಗಿರುತ್ತದೆ. ಟ್ರಾಮ್ ಸ್ಟಾಪ್‌ಗೆ ನಡೆಯುತ್ತಾ ಹತ್ತು ನಿಮಿಷ ಮಾತಾಡಿ. ದಿನ ಶುರುವಾಗುವಾಗ ಕೇಳಿದ ಮನೆಯ ದನಿ ದಿನವಿಡೀ ಜೊತೆಗಿರುತ್ತದೆ. ಉದ್ದದ ಹರಟೆಗೆ ಭಾನುವಾರ ಇಟ್ಟುಕೊಳ್ಳಿ. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಹೋಗಲು ಎಲ್ಲೂ ಇರುವುದಿಲ್ಲ. ಬೆಳಿಗ್ಗೆ 10ಕ್ಕೆ ಕಾಲ್ ಮಾಡಿದರೆ ಅಲ್ಲಿ 2:30, ಎಲ್ಲರೂ ಊಟ ಮುಗಿಸಿ ಆರಾಮಾಗಿ ಕೂತಿರುತ್ತಾರೆ. ಮಾರ್ಚ್ ಕೊನೆಯ ಭಾನುವಾರದ ನಂತರ ಈ ಅಂತರ ಮೂರೂವರೆ ಗಂಟೆಗೆ ಇಳಿಯುತ್ತದೆ, ಮನೆಯವರಿಗೂ ಹೇಳಿಡಿ.

ಇನ್ನು ಓದು. ನಮ್ಮ ಕಡೆ ಇಂಜಿನಿಯರಿಂಗ್ ಮಾಡಿ ಬಂದವರಿಗೆ ಇಲ್ಲಿನ ಟೈಮ್‌ಟೇಬಲ್ ನೋಡಿ ಖುಷಿಯಾಗುತ್ತದೆ. ಹಾಜರಾತಿ ಕೇಳುವವರಿಲ್ಲ, ಇಂಟರ್ನಲ್ಸ್ ಇಲ್ಲ, ಅರ್ಧ ದಿನ ಖಾಲಿ. ಆದರೆ ಲೆಕ್ಕ ಬೇರೆ ಇದೆ. ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ. ಅಂದರೆ ಆರು ತಿಂಗಳಿಗೆ 750ರಿಂದ 900 ಗಂಟೆ. ಕ್ಲಾಸಿನಲ್ಲಿ ಕೂರುವುದು ಅದರಲ್ಲಿ ಸಣ್ಣ ಭಾಗ. ಉಳಿದದ್ದು ನೀವೇ ಲೈಬ್ರರಿಯಲ್ಲಿ ಕೂತು ಮಾಡಬೇಕಾದದ್ದು. ಬಹಳಷ್ಟು ವಿಷಯಗಳಲ್ಲಿ ಕೊನೆಗೆ ಒಂದೇ ಪರೀಕ್ಷೆ ಇರುತ್ತದೆ, ಪೂರ್ತಿ ಗ್ರೇಡ್ ಅದರ ಮೇಲೆ. ಆಮೇಲೆ ನೋಡೋಣ ಅಂತ ಬಿಟ್ಟರೆ ಫೆಬ್ರವರಿಯಲ್ಲಿ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ.

ಕೆಲವು ವಿಷಯ ಗಟ್ಟಿಯಾಗಿ ತಿಳಿದಿರಲಿ. ಪರೀಕ್ಷೆಗೆ ನೀವೇ ಹೆಸರು ನೋಂದಾಯಿಸಬೇಕು, ಕೊನೆ ದಿನ ದಾಟಿದರೆ ಸಾಮಾನ್ಯವಾಗಿ ಬರೆಯಲು ಬಿಡುವುದಿಲ್ಲ. ಹೆಚ್ಚಿನ ಕಡೆ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯ ಸಲವೂ ಫೇಲಾದರೆ ಆ ಕೋರ್ಸನ್ನೇ ಬಿಡಬೇಕಾಗುತ್ತದೆ. ಅದೇ ಕೋರ್ಸನ್ನು ಬೇರೆ ಯೂನಿವರ್ಸಿಟಿಯಲ್ಲಿ ಮುಂದುವರಿಸಲೂ ಆಗದೆ ಹೋಗಬಹುದು. ಆದ್ದರಿಂದ ಸುಮ್ನೆ ಒಂದು ಕೈ ನೋಡೋಣ ಅಂತ ತಯಾರಿಯಿಲ್ಲದೆ ಹೋಗಿ ಕೂರಬೇಡಿ. ಹೆಸರು ವಾಪಸ್ ತೆಗೆಯಲೂ ಒಂದು ಗಡುವು ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಪರೀಕ್ಷೆ ದಿನ ಜ್ವರ ಬಂದರೆ ಆ ದಿನವೇ ಡಾಕ್ಟರ ಹತ್ತಿರ ಹೋಗಿ ಸರ್ಟಿಫಿಕೇಟ್ ತನ್ನಿ, ಮಾರನೆಯ ದಿನದ್ದು ನಡೆಯದಿರಬಹುದು. ನಿಮ್ಮ ಕೋರ್ಸಿನ ನಿಯಮ ಪ್ರುಫುಂಗ್ಸ್‌ಒರ್ಡ್‌ನುಂಗ್ ಅನ್ನುವ ಪುಸ್ತಿಕೆಯಲ್ಲಿರುತ್ತದೆ, ಸೀನಿಯರ್ ಹೇಳಿದ್ದನ್ನು ನಂಬಿಕೊಳ್ಳದೆ ಅದನ್ನೇ ಓದಿ. ಹಳೆಯ ಪ್ರಶ್ನೆಪತ್ರಿಕೆಗಳು ಬೇಕಾದರೆ ವಿಭಾಗದ ವಿದ್ಯಾರ್ಥಿ ಸಂಘ, ಅಂದರೆ ಫಾಖ್‌ಶಾಫ್ಟ್‌ಗೆ ಹೋಗಿ. ಪತ್ರಿಕೆ ಕೇಳಲು ಹೋದವರಿಗೆ ಅಲ್ಲಿ ಒಂದಿಬ್ಬರು ಜೊತೆಗಾರರೂ ಸಿಗುತ್ತಾರೆ.

ಗ್ರೇಡ್ ಬಗ್ಗೆ ಮನೆಯವರಿಗೆ ಮೊದಲೇ ವಿವರಿಸಿ. ಇಲ್ಲಿ 1.0 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 4.0 ಅಂದರೆ ಪಾಸು, 5.0 ಅಂದರೆ ಫೇಲು. ಪಿಯುಸಿಯಲ್ಲಿ 95 ಪರ್ಸೆಂಟ್ ತಂದ ಮಗಳು 2.7 ಅಂದಾಗ ಅಪ್ಪ ಗಾಬರಿಯಾಗುವುದು ಸಹಜ. ಮೊದಲ ಸೆಮಿಸ್ಟರ್‌ನಲ್ಲಿ 2.7 ಚೆನ್ನಾಗಿಯೇ ಇದೆ. ಅದನ್ನು ನೀವೂ ನಂಬಬೇಕು.

ಕೆಲಸದ ಬಗ್ಗೆ ಸ್ವಲ್ಪ ನೇರವಾಗಿಯೇ ಹೇಳುತ್ತೇನೆ. ಸಾಲ ಮಾಡಿ ಬಂದವರಿಗೆ ದುಡಿಯುವ ಆತುರ ಇರುತ್ತದೆ, ನನಗೆ ಅರ್ಥವಾಗುತ್ತದೆ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅವಕಾಶ ಇದೆ. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಗೋದಾಮಿನ ರಾತ್ರಿ ಪಾಳಿ ಹಿಡಿಯಬೇಡಿ. ಬೆಳಿಗ್ಗೆ ಮಲಗಿ ಮೂರು ಗಂಟೆಗೆ ಎದ್ದರೆ ಡಿಸೆಂಬರ್‌ನಲ್ಲಿ ಬೆಳಕನ್ನೇ ನೋಡುವುದಿಲ್ಲ, ಮನುಷ್ಯರನ್ನೂ ನೋಡುವುದಿಲ್ಲ. ನಿಮ್ಮ ವಿಭಾಗದಲ್ಲೇ ಸಹಾಯಕರ ಕೆಲಸ ಇರುತ್ತದೆ, ಹೀವಿ ಅನ್ನುತ್ತಾರೆ. ಅದು ಈ 140 ದಿನಗಳ ಲೆಕ್ಕಕ್ಕೆ ಬರುವುದಿಲ್ಲ. ಸಂಬಳ ಸ್ವಲ್ಪ ಕಮ್ಮಿ ಇರಬಹುದು. ಆದರೆ ಪ್ರೊಫೆಸರ್ ನಿಮ್ಮ ಹೆಸರು ಹಿಡಿದು ಮಾತಾಡಿಸುತ್ತಾರೆ, ಮುಂದೆ ಥೀಸಿಸ್‌ಗೆ ಅದೇ ದಾರಿಯಾಗುತ್ತದೆ.

ಈಗ ಜನ. ಇಲ್ಲಿನವರು ಮೊದಲ ದಿನವೇ ಮನೆಗೆ ಬಾ ಅನ್ನುವವರಲ್ಲ. ಆದರೆ ಪ್ರತಿ ಮಂಗಳವಾರ ಅದೇ ಬ್ಯಾಡ್ಮಿಂಟನ್ ಕೋರ್ಟ್‌ನಲ್ಲಿ ಕಂಡರೆ, ಒಂದೆರಡು ತಿಂಗಳಿಗೆ ತಾವಾಗಿಯೇ ಹತ್ತಿರವಾಗುತ್ತಾರೆ. ಅದಕ್ಕೇ ಯೂನಿವರ್ಸಿಟಿಯ ಆಟೋಟ ವಿಭಾಗದ ಕೋರ್ಸಿಗೆ ಸೇರಿ ಅನ್ನುವುದು. ಹೋಖ್‌ಶೂಲ್‌ಸ್ಪೋರ್ಟ್ ಅಂತ ಹುಡುಕಿ, ತುಂಬಾ ಕಮ್ಮಿ ದುಡ್ಡು. ನೋಂದಣಿ ಸೆಮಿಸ್ಟರ್ ಶುರುವಿನಲ್ಲೇ ತೆರೆಯುತ್ತದೆ, ಒಳ್ಳೆಯ ಕೋರ್ಸುಗಳು ಬೇಗ ಭರ್ತಿಯಾಗುತ್ತವೆ. ಭಾಷೆ ಕಲಿಯಲು ಟ್ಯಾಂಡೆಮ್ ಜೊತೆಗಾರರು, ಅಂದರೆ ಒಬ್ಬರಿಗೊಬ್ಬರು ತಮ್ಮ ಭಾಷೆ ಕಲಿಸುವ ಜೋಡಿ, ಸಿಗುತ್ತಾರಾ ಅಂತಲೂ ಯೂನಿವರ್ಸಿಟಿಯಲ್ಲಿ ಕೇಳಿ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಜರ್ಮನ್ ಬೇಕೇ ಬೇಕು. ಮೆನ್ಸಾ, ಅಂದರೆ ಯೂನಿವರ್ಸಿಟಿ ಕ್ಯಾಂಟೀನಿನ ಮೇಜಿನಲ್ಲಿ ಎಲ್ಲರೂ ನಗುವಾಗ ನೀವೂ ಜೊತೆಗೆ ನಗಬೇಕಲ್ವಾ?

ಹಾಸ್ಟೆಲ್‌ನ ಹಂಚಿಕೊಂಡ ಅಡುಗೆಮನೆ ಸ್ನೇಹಕ್ಕೆ ಒಳ್ಳೆಯ ಜಾಗ. ಜಗಳಕ್ಕೂ ಅದೇ. ಒಗ್ಗರಣೆ ಹಾಕುವ ಮೊದಲು ಕಿಟಕಿ ತೆಗೆಯಿರಿ, ಬಾಗಿಲು ಹಾಕಿ. ಒಣಮೆಣಸಿನಕಾಯಿ ಘಾಟಿಗೆ ಕಾರಿಡಾರಿನ ಅಲಾರಂ ಹೊಡೆದುಕೊಂಡು ಫೈರ್ ಬ್ರಿಗೇಡ್ ಬಂದರೆ ಖರ್ಚು ನಿಮ್ಮ ತಲೆಗೇ ಬರಬಹುದು. ರಾತ್ರಿ ಹತ್ತರ ಮೇಲೆ ಮಿಕ್ಸಿ ಬೇಡ. ಚಿತ್ರಾನ್ನ ಮಾಡಿದ ದಿನ ಎರಡು ಮುಷ್ಟಿ ಅಕ್ಕಿ ಜಾಸ್ತಿ ಹಾಕಿ, ಪಕ್ಕದ ರೂಮಿನವರನ್ನು ಕರೆಯಿರಿ. ಅವರಿಗೆ ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಏನೂ ಇಲ್ಲ ಅಂತ ಹೇಳಿ. ಇಲ್ಲಿ ವೀಗನ್ ಹುಡುಗರು ಬಹಳ, ಖುಷಿಪಡುತ್ತಾರೆ.

ನಮ್ಮವರ ಜೊತೆ ಇರಬೇಡಿ ಅಂತ ಕೆಲವರು ಬುದ್ಧಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಮಾತಾಡದೆ ಮನಸ್ಸು ಹಗುರಾಗುವುದಿಲ್ಲ. ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇವೆ. ಕಾರ್ಯಕ್ರಮಕ್ಕೆ ಬರೀ ಊಟಕ್ಕೆ ಬಂದರೂ ಸರಿ. ಆದರೆ ಕುರ್ಚಿ ಜೋಡಿಸಲು, ಬಡಿಸಲು ಒಂದು ಗಂಟೆ ಮುಂಚೆ ಬನ್ನಿ. ಪರಿಚಯ ಆಗುವುದು ಅಲ್ಲೇ. ಇನ್ನೊಂದು ವಿಷಯ, ನವೆಂಬರ್ 1 ನಮ್ಮ ರಾಜ್ಯೋತ್ಸವ. ಬವೇರಿಯ, ಬಾಡೆನ್-ವ್ಯುರ್ಟೆಂಬೆರ್ಗ್, ನಾರ್ತ್ ರೈನ್-ವೆಸ್ಟ್‌ಫಾಲಿಯಾದಂಥ ರಾಜ್ಯಗಳಲ್ಲಿ ಅವತ್ತು ಇಲ್ಲಿನ ಕ್ರೈಸ್ತ ಹಬ್ಬಕ್ಕೆ ಸರಕಾರಿ ರಜೆ. ಆ ದಿನವನ್ನು ರೂಮಿನಲ್ಲಿ ಕಳೆಯಬೇಡಿ.

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಕ್ರಿಸ್‌ಮಸ್ ವಾರದಲ್ಲಿ. 24ರ ಮಧ್ಯಾಹ್ನ ಅಂಗಡಿ ಮುಚ್ಚಿದರೆ 25, 26 ಎರಡೂ ದಿನ ತೆರೆಯುವುದಿಲ್ಲ. ಇಲ್ಲಿನ ಮಕ್ಕಳೆಲ್ಲ ಊರಿಗೆ ಹೋಗಿರುತ್ತಾರೆ, ಹಾಸ್ಟೆಲ್ ಕಾರಿಡಾರ್ ಬಿಕೋ ಅನ್ನುತ್ತದೆ. ಹಾಲು, ತರಕಾರಿ, ಬ್ರೆಡ್ಡು 23ಕ್ಕೇ ತಂದಿಡಿ. ಅದಕ್ಕಿಂತ ಮುಖ್ಯವಾಗಿ, ಆ ದಿನಗಳಲ್ಲಿ ಯಾರ ಜೊತೆ ಇರುತ್ತೀರಿ ಅಂತ ಡಿಸೆಂಬರ್ ಶುರುವಿನಲ್ಲೇ ಗೊತ್ತು ಮಾಡಿಕೊಳ್ಳಿ. ನಿಮ್ಮ ಸೆಮಿಸ್ಟರ್ ಟಿಕೆಟ್, ಅಂದರೆ ವಿದ್ಯಾರ್ಥಿಗಳ ಬಸ್-ರೈಲು ಪಾಸು, ದೇಶವಿಡೀ ನಡೆಯುವಂಥದ್ದಾದರೆ ಲೋಕಲ್ ರೈಲುಗಳಲ್ಲೇ ಬೇರೆ ಊರಿನ ಗೆಳೆಯರ ಹತ್ತಿರ ಹೋಗಬಹುದು.

ಒಂದು ವರ್ಷ ಕ್ರಿಸ್‌ಮಸ್ ದಿನ ನಮ್ಮ ಮನೆಗೆ ಹಾಸನದ ಕಡೆಯ ಹುಡುಗಿ ಊಟಕ್ಕೆ ಬಂದಿದ್ದಳು. ಇಲ್ಲಿನ ಇಂಡಿಯನ್ ಅಂಗಡಿಯ ಫ್ರೀಜರ್‌ನಲ್ಲಿ ಪಾಪ್ಡಿ ಲಿಲ್ವಾ ಅನ್ನುವ ಗುಜರಾತಿ ಹೆಸರಿನಲ್ಲಿ ಅವರೆಕಾಳು ಸಿಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಹಿತುಕಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ಪಾತ್ರೆ ಮುಂದಿಟ್ಟುಕೊಂಡು ಇಬ್ಬರೂ ಹಿತುಕುತ್ತಾ ಕೂತೆವು. ಕಾಲು ಭಾಗ ಬೇಳೆ ಆಗುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ, ತಲೆ ಎತ್ತದೆಯೇ, "ಮೂರು ಪರೀಕ್ಷೆಗೆ ರಿಜಿಸ್ಟರೇ ಮಾಡಿಲ್ಲ ಆಂಟಿ, ಮನೇಲಿ ಗೊತ್ತಿಲ್ಲ" ಅಂದಳು. ಪರೀಕ್ಷೆ ಬಿಟ್ಟಿದ್ದು ಅಷ್ಟು ದೊಡ್ಡ ವಿಷಯವಾಗಿರಲಿಲ್ಲ, ಮುಂದಿನ ಸೆಮಿಸ್ಟರ್‌ನಲ್ಲಿ ಬರೆಯಬಹುದಿತ್ತು. ಆದರೆ ಎರಡು ತಿಂಗಳಿಂದ ದಿನಾ ಸಂಜೆ ಎಲ್ಲ ಚೆನ್ನಾಗಿದೆ ಅಂತ ಹೇಳಿ ಹೇಳಿ ಸೋತಿದ್ದಳು. ಮನೆಯ ನೆನಪೇ ಮನೆಯ ಭಯವಾಗಿತ್ತು. ಮಾರನೆಯ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದಳು. ಅವರು ಕೇಳಿದ್ದು ಒಂದೇ, ಇನ್ನೆಷ್ಟು ದುಡ್ಡು ಬೇಕಾಗುತ್ತದೆ ಅಂತ. ಆಮೇಲೆ ಅವಳು ಸರಿಯಾಗಿ ನಿದ್ದೆ ಮಾಡಿದಳು. ಮನೆಯವರಿಗೆ ಎಲ್ಲವನ್ನೂ ಹೇಳಬೇಕಾಗಿಲ್ಲ. ಆದರೆ ಓದಿನ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಮನೆಗೆ ಮಾಡುವ ಫೋನೇ ಭಾರವಾಗುತ್ತದೆ.

ಮನೆ ನೆನಪಾಗಿ ಅಳು ಬರುವುದು ಕಾಯಿಲೆ ಅಲ್ಲ. ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡ ಇದ್ದರೂ ಸರಿ. ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಿ, ನೀವೇ ದೊಡ್ಡ ಡೋಸ್ ನುಂಗಬೇಡಿ. ಆದರೆ ಎರಡು ವಾರ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ರೂಮಿನಿಂದ ಹೊರಗೆ ಬರಲು ಆಗುತ್ತಿಲ್ಲ ಅಂದರೆ ಕಾಯಬೇಡಿ. ವಿದ್ಯಾರ್ಥಿಗಳ ಹಾಸ್ಟೆಲ್, ಕ್ಯಾಂಟೀನ್ ನೋಡಿಕೊಳ್ಳುವ ಸಂಸ್ಥೆಯಾದ ಸ್ಟುಡಿರೆಂಡೆನ್‌ವೆರ್ಕ್‌ನಲ್ಲಿ ಮನಸ್ಸಿನ ಸಮಸ್ಯೆಗೆ ಸಲಹೆಗಾರರಿದ್ದಾರೆ. ಹೆಚ್ಚಿನ ಊರುಗಳಲ್ಲಿ ಪುಕ್ಕಟೆ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ನೀವು ಹೇಳಿದ್ದು ಪ್ರೊಫೆಸರಿಗೂ ವೀಸಾ ಆಫೀಸಿಗೂ ಹೋಗುವುದಿಲ್ಲ. ಅಪಾಯಿಂಟ್‌ಮೆಂಟ್‌ಗೆ ಕೆಲವು ವಾರ ಹಿಡಿಯಬಹುದು, ಆದ್ದರಿಂದ ಬೇಗ ಬರೆದು ಕೇಳಿ. ಮಧ್ಯರಾತ್ರಿ ತಡೆಯಲಾಗದಷ್ಟು ಸಂಕಟವಾದರೆ ಟೆಲಿಫೋನ್‌ಸೇಲ್‌ಸೋರ್ಗೆ ಅನ್ನುವ ಸಹಾಯವಾಣಿಯ 0800 1110111ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ, ಮಾತು ಹೆಚ್ಚಾಗಿ ಜರ್ಮನ್‌ನಲ್ಲಿ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಪಕ್ಕದ ರೂಮಿನವರ ಬಾಗಿಲು ತಟ್ಟಿದರೂ ಸರಿ, ಯಾರೂ ಬೈಯುವುದಿಲ್ಲ.

ಕೊನೆಗೆ ಊರಿಗೆ ಹೋಗುವ ಟಿಕೆಟ್. ಡಿಸೆಂಬರ್ ರಜೆ ಎರಡೇ ವಾರ, ಟಿಕೆಟ್ ದರ ಆಗ ಜೋರು. ವಾಪಸ್ ಬಂದ ಕೂಡಲೇ ಪರೀಕ್ಷೆ ಹತ್ತಿರ ಬಂದಿರುತ್ತದೆ, ಹೋಗಿ ಬಂದ ಮನಸ್ಸು ಓದಿಗೆ ಕೂರುವುದಿಲ್ಲ. ಮೊದಲ ವರ್ಷ ಮಾರ್ಚ್‌ಗೆ ಇಟ್ಟುಕೊಳ್ಳಿ. ಯೂನಿವರ್ಸಿಟಿಗಳಲ್ಲಿ ಬೇಸಿಗೆ ಸೆಮಿಸ್ಟರ್‌ನ ಕ್ಲಾಸುಗಳು ಏಪ್ರಿಲ್ ಮಧ್ಯದಲ್ಲಿ ಶುರು, ಕೆಲವು ವರ್ಷ ಯುಗಾದಿಯೂ ಮನೆಯಲ್ಲೇ ಸಿಗುತ್ತದೆ. ಕೆಲಸಕ್ಕೆ ಹತ್ತಿರವಾದ ಪ್ರಾಯೋಗಿಕ ಓದು ಕೊಡುವ ಫಾಖ್‌ಹೋಖ್‌ಶೂಲ್‌ಗಳಲ್ಲಿ ಮಾರ್ಚ್ ಮಧ್ಯದಲ್ಲೇ ಕ್ಲಾಸು ಶುರುವಾಗುತ್ತದೆ, ಅವರು ಫೆಬ್ರವರಿ ಕೊನೆಯನ್ನು ನೋಡಬೇಕು. ಟಿಕೆಟ್ ತೆಗೆಯುವ ಮೊದಲು ಪರೀಕ್ಷೆಯ ತಾರೀಖು ನೋಡಿ. ವೀಸಾ ಅಥವಾ ವಾಸದ ಪರವಾನಗಿ ಯಾವತ್ತಿನವರೆಗೆ ಇದೆ ಅಂತ ನೋಡಿ. ಹೊಸ ಕಾರ್ಡ್ ಇನ್ನೂ ಬಂದಿಲ್ಲ, ಕೈಯಲ್ಲಿರುವುದು ಬರೀ ತಾತ್ಕಾಲಿಕ ಕಾಗದ ಅಂದರೆ, ಅದರ ಮೇಲೆ ದೇಶ ಬಿಟ್ಟು ವಾಪಸ್ ಬರಬಹುದೇ ಅಂತ ಆಫೀಸಿನಲ್ಲೇ ಕೇಳಿ, ಆಮೇಲೆ ದುಡ್ಡು ಕಟ್ಟಿ.