ತಲೆ ಚೀನಾದ್ದು, ಬಾಲ ಜಪಾನಿನದು: ಜಪಾನಿ ಕ್ರಿಯಾಪದ ಕಲಿಯುವ ಬಗೆ

‘ಓದು’ ಅಂದರೂ ‘ಅಧ್ಯಯನ ಮಾಡು’ ಅಂದರೂ ನಮಗೆ ಎರಡೂ ಕನ್ನಡವೇ. ಒಂದು ಮನೆಯ ಮಾತು, ಇನ್ನೊಂದು ಸಂಸ್ಕೃತದ ಪದಕ್ಕೆ ನಮ್ಮ ‘ಮಾಡು’ ಅಂಟಿಸಿದ್ದು. ಜಪಾನಿ ಭಾಷೆ ಚೀನಿಯಿಂದ ಪದ ತೆಗೆದುಕೊಂಡಿದ್ದೂ ಹೀಗೇ. ಸುಮಾರು 5ನೇ ಶತಮಾನದ ಹೊತ್ತಿಗೆ ಕೊರಿಯಾ ದಾರಿಯಾಗಿ ಬಂದ ಚೀನಿ ಅಕ್ಷರಗಳಿಗೆ, ಅಂದರೆ ಕಾಂಜಿಗಳಿಗೆ, ಅಲ್ಲಿ ಎರಡು ಬಗೆಯ ಓದು ಹುಟ್ಟಿತು. ಚೀನಿ ಉಚ್ಚಾರದಿಂದ ಬಂದದ್ದು ‘ಆನ್’ ಓದು. ಅದೇ ಅಕ್ಷರಕ್ಕೆ ಹೊಂದಿಸಿದ ಜಪಾನಿ ಪದ ‘ಕುನ್’ ಓದು. ಈ ಎರಡು ಭಾಷೆಗಳು ಒಂದೇ ಕುಟುಂಬದವಲ್ಲ. ಕಡಲು ದಾಟಿ ಬಂದದ್ದು ಲಿಪಿ ಮತ್ತು ಪದ, ವ್ಯಾಕರಣವಲ್ಲ. ಕಲಿಯುವವರು ಮೊದಲು ಎಡವುವುದೇ ಇಲ್ಲಿ.

ಮೊದಲು ಬಾಲ ನೋಡಿ

ಕಾಂಜಿಯ ಹಿಂದೆ ಹಿರಾಗಾನಾ (ಉಚ್ಚಾರ ಬರೆಯುವ ಜಪಾನಿನ ಸ್ವಂತ ಲಿಪಿ) ಅಕ್ಷರಗಳ ಬಾಲ ಇದ್ದರೆ ಅದು ಹೆಚ್ಚಿನಂಶ ಮನೆಯ ಕ್ರಿಯಾಪದ, ಕುನ್ ಓದು. ಈ ಬಾಲಕ್ಕೆ ‘ಓಕುರಿಗಾನಾ’ ಎಂದು ಹೆಸರು. ಕಾಲ, ನಿಷೇಧ, ಮರ್ಯಾದೆ ಎಲ್ಲ ಬದಲಾಗುವುದು ಬಾಲದಲ್ಲೇ. ಚೀನಿ ಕ್ರಿಯಾಪದ ಹೀಗೆ ರೂಪ ಬದಲಿಸುವುದಿಲ್ಲ, ಆದ್ದರಿಂದ ಬಾಲ ಬರೆಯಲು ಚೀನಿ ಅಕ್ಷರ ಸಾಲಲಿಲ್ಲ.

ಬಾಲ ಬಿಟ್ಟು ಕಾಂಜಿ ಮಾತ್ರ ಬಾಯಿಪಾಠ ಮಾಡಿದರೆ ಕೆಟ್ಟಿತು. ‘ಆಹಾರ’ದ ಕಾಂಜಿಗೆ ‘ಬೆರು’ ಎಂಬ ಬಾಲ ಬಂದರೆ ಅದು ‘ತಬೆರು’, ಬರೀ ‘ಉ’ ಬಂದರೆ ‘ಕುಉ’. ಎರಡಕ್ಕೂ ತಿನ್ನು ಎಂದೇ ಅರ್ಥ, ಆದರೆ ಎರಡನೆಯದು ಒರಟು ಮಾತು. ‘ದೆರು’ (ಹೊರಬರು), ‘ದಸು’ (ಹೊರತೆಗೆ) ಇವಕ್ಕೂ ಒಂದೇ ಕಾಂಜಿ. ಅಕರ್ಮಕವೋ ಸಕರ್ಮಕವೋ ಎಂದು ಹೇಳುವುದು ಬಾಲವೇ.

ಆಮೇಲೆ ‘ಸುರು’ ಹುಡುಕಿ

ಎರಡು ಕಾಂಜಿ ಜೊತೆಯಾಗಿ, ಕೊನೆಗೆ ‘ಸುರು’ ಬಂದರೆ ಅದು ಸಾಮಾನ್ಯವಾಗಿ ಚೀನಿ ಮೂಲದ ಪದ, ಆನ್ ಓದು. ‘ಸುರು’ ಅಂದರೆ ನಮ್ಮ ‘ಮಾಡು’. ಆಗಲೇ ಹೇಳಿದ ಆಹಾರದ ಕಾಂಜಿ ಇಲ್ಲಿ ‘ಶೊಕು’ ಆಗುತ್ತದೆ: ‘ಶೊಕುಜಿ ಸುರು’, ಊಟ ಮಾಡು. ಕಾಂಜಿ ಒಂದೇ ಇದ್ದರೆ ‘ಸುರು’ ಅದಕ್ಕೆ ಅಂಟಿಕೊಳ್ಳುತ್ತದೆ, ನಮ್ಮ ‘ಇಸು’ ಪ್ರತ್ಯಯದ ಹಾಗೆ. ‘ಆಯ್‌ಸುರು’ ಪ್ರೀತಿಸು. ಕೆಲವು ಇನ್ನೂ ಕರಗಿ ‘ಜಿರು’ ಆಗಿವೆ: ‘ಕಾಂಜಿರು’ ಅಂದರೆ ಅನುಭವಿಸು. ಇವಕ್ಕೂ ಬಾಲ ಇರುತ್ತದೆ, ಆದರೂ ಮೂಲ ಚೀನಿ. ಮೇಲಿನ ನಿಯಮಕ್ಕೆ ಇದು ಮುಖ್ಯ ಅಪವಾದ.

ಸಂದೇಹ ಬಂದರೆ ಕಾಂಜಿ ನಿಘಂಟು ತೆರೆಯಿರಿ. ಸಾಮಾನ್ಯವಾಗಿ ಆನ್ ಓದು ಜಪಾನಿನ ಇನ್ನೊಂದು ಉಚ್ಚಾರ ಲಿಪಿಯಾದ ಕಾತಾಕಾನಾದಲ್ಲಿ, ಕುನ್ ಓದು ಹಿರಾಗಾನಾದಲ್ಲಿ ಅಚ್ಚಾಗಿರುತ್ತದೆ. ದಿನಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2,136 ಕಾಂಜಿಗಳಿವೆ. ಅವಕ್ಕೆ 2,352 ಆನ್, 2,036 ಕುನ್ ಓದುಗಳು. ಇದನ್ನು ಪಟ್ಟಿಯಂತೆ ಉರು ಹೊಡೆಯಬೇಡಿ. ನೋಟ್‌ಬುಕ್ಕಿನ ಎಡಪುಟದಲ್ಲಿ ಕುನ್ ಕ್ರಿಯಾಪದ, ಬಾಲ ಕೆಂಪು ಶಾಯಿಯಲ್ಲಿ. ಬಲಪುಟದಲ್ಲಿ ಅದೇ ಕಾಂಜಿಯ ಎರಡು ‘ಸುರು’ ಪದ. ದಿನಕ್ಕೆ ಐದು ಕಾಂಜಿ ಧಾರಾಳವಾಯಿತು.

ಉಚ್ಚಾರದ ನಂಟು

ಹಳೆಯ ಚೀನಿಯಲ್ಲಿ ಕ್, ತ್, ಪ್ ಎಂದು ಮುಗಿಯುವ ಪದಗಳಿದ್ದವು. ಬೀಜಿಂಗಿನ ಮಾತು ಆ ಕೊನೆಯನ್ನು ಕಳೆದುಕೊಂಡಿದೆ, ದಕ್ಷಿಣ ಚೀನಾದ ಮಾತಾದ ಕ್ಯಾಂಟನೀಸ್ ಉಳಿಸಿಕೊಂಡಿದೆ. ಜಪಾನಿಗರು ಅದಕ್ಕೊಂದು ಸ್ವರ ಸೇರಿಸಿದರು, ನಾವು ಬಸ್ ಅನ್ನು ‘ಬಸ್ಸು’ ಮಾಡಿದ ಹಾಗೆ. ಹಾಗಾಗಿ ಆಹಾರ ಕ್ಯಾಂಟನೀಸ್‌ನಲ್ಲಿ ‘ಸಿಕ್’, ಜಪಾನಿಯಲ್ಲಿ ‘ಶೊಕು’. ಕಲಿಕೆ ‘ಹೊಕ್’, ಜಪಾನಿಯಲ್ಲಿ ‘ಗಾಕು’. ಆನ್ ಓದಿನ ಕೊನೆಗೆ ‘ಕು’ ಅಥವಾ ‘ತ್ಸು’ ಕಂಡರೆ ಈ ಹಳೆಯ ವ್ಯಂಜನದ ಗುರುತು ಎಂದು ಊಹಿಸಬಹುದು.

ಮಿರು ಅಂದರೆ ನೋಡು

ಈ ಒಂದು ಕ್ರಿಯಾಪದವನ್ನು ಸಾವಕಾಶವಾಗಿ ನೋಡಬೇಕು. ಮಾತಿನಲ್ಲಿ ಒಂದೇ ‘ಮಿರು’, ಬರಹದಲ್ಲಿ ಹಲವು. ಕಣ್ಣಿಂದ ನೋಡಿದರೆ ಒಂದು ಕಾಂಜಿ, ಡಾಕ್ಟರು ರೋಗಿಯನ್ನು ನೋಡಿದರೆ ಇನ್ನೊಂದು, ಹಾಸಿಗೆ ಹಿಡಿದವರನ್ನು ನೋಡಿಕೊಂಡರೆ ಮತ್ತೊಂದು. ಬೇರೆ ಬೇರೆ ಚೀನಿ ಪದಗಳಿಗಿದ್ದ ಅಕ್ಷರಗಳು ಜಪಾನಿನ ಒಂದೇ ಪದಕ್ಕೆ ಬಂದು ಸೇರಿದ್ದರಿಂದ ಹೀಗಾಯಿತು. ಕನ್ನಡದವರಿಗೆ ಇನ್ನೊಂದು ಅನುಕೂಲ ಇದೆ. ‘ತಬೆತೆ ಮಿರು’ ಅಂದರೆ ಪದಕ್ಕೆ ಪದ ‘ತಿಂದು ನೋಡು’, ಅರ್ಥವೂ ಅದೇ. ‘ತಬೆತೆ ಶಿಮಾವು’ ಅಂದರೆ ‘ತಿಂದುಬಿಡು’. ಹೀಗೆ ಸಹಾಯಕ ಕ್ರಿಯೆಯಾಗಿ ಬಂದ ‘ಮಿರು’ವನ್ನು ಕಾಂಜಿಯಲ್ಲಿ ಬರೆಯದೆ ಹಿರಾಗಾನಾದಲ್ಲೇ ಬರೆಯುವುದು ರೂಢಿ. ಅಲ್ಲಿ ಕಣ್ಣಿನ ಕೆಲಸ ಇಲ್ಲವಲ್ಲ.

ಅಕ್ಷರ ಒಂದೇ, ಅರ್ಥ ಬೇರೆ

‘ಬೆಂಕ್ಯೋ ಸುರು’ ಜಪಾನಿನಲ್ಲಿ ಓದು, ಕಲಿ. ಅದೇ ಎರಡು ಅಕ್ಷರ ಇವತ್ತಿನ ಚೀನಿಯಲ್ಲಿ ‘ಒಲ್ಲದ ಮನಸ್ಸಿನಿಂದ’. ‘ಹಶಿರು’ (ಓಡು) ಬರೆಯುವ ಅಕ್ಷರ ಇಂದಿನ ಚೀನಿಯಲ್ಲಿ ನಡೆ ಎಂದಾಗಿದೆ. ಹಳೆಯ ಚೀನಿಯಲ್ಲಿ ಓಡು ಎಂದೇ ಇತ್ತು, ಜಪಾನಿ ಆ ಅರ್ಥವನ್ನು ಬಿಡಲಿಲ್ಲ. ‘ಗಾಮಾನ್ ಸುರು’ ಅಂದರೆ ತಾಳಿಕೋ. ಅದರ ಮೂಲ ಬೌದ್ಧ ಗ್ರಂಥಗಳ ಚೀನಿ ಅನುವಾದದಲ್ಲಿ ‘ನಾನೆಂಬ ಸೊಕ್ಕು’ ಎಂಬ ಅರ್ಥದ ಪದ. ಸೊಕ್ಕು ಜಪಾನಿನಲ್ಲಿ ಹಟವಾಗಿ, ಹಟ ತಾಳ್ಮೆಯಾಗಿ ಬದಲಾಯಿತು.

ನುಡಿಗಟ್ಟಿನ ಪರೀಕ್ಷೆ

ಒಳಗೆ ‘ಗಾ’, ‘ಒ’, ‘ನಿ’ ಎಂಬ ವಿಭಕ್ತಿಗಳಿದ್ದು ಮನೆಮಾತಿನ ಕ್ರಿಯಾಪದವಿದ್ದರೆ ಅದನ್ನು ಚೀನಿಯಲ್ಲಿ ಹುಡುಕಿ ಸುಸ್ತಾಗಬೇಡಿ. ‘ಕುಚಿ ಗಾ ಸುಬೆರು’, ಬಾಯಿ ಜಾರು. ‘ಹರಾ ಗಾ ತತ್ಸು’, ಹೊಟ್ಟೆ ಎದ್ದು ನಿಲ್ಲು, ಅಂದರೆ ಸಿಟ್ಟು ಬರು.

ಚೀನಿ ಕತೆಯಿಂದ ಬಂದವು ಗಿಡ್ಡ, ಗಟ್ಟಿ. ‘ಸುಯ್‌ಕೋ ಸುರು’ ಅಂದರೆ ಬರೆದದ್ದನ್ನು ತಿದ್ದಿ ತೀಡು, ಅಕ್ಷರಶಃ ‘ನೂಕು–ತಟ್ಟು’. ಬೆಳದಿಂಗಳಲ್ಲಿ ಸನ್ಯಾಸಿ ಬಾಗಿಲು ನೂಕಿದನೋ ತಟ್ಟಿದನೋ ಎಂದು ಚೀನಾದ ಟಾಂಗ್ ರಾಜವಂಶದ ಕಾಲದ ಕವಿ ಜಿಯಾ ದಾವ್ ಯೋಚಿಸುತ್ತ ಹೋಗಿ ಅಧಿಕಾರಿಯೂ ಕವಿಯೂ ಆದ ಹಾನ್ ಯೂ ಅವರ ಮೆರವಣಿಗೆಗೆ ಢಿಕ್ಕಿ ಹೊಡೆದನಂತೆ. ‘ತಟ್ಟು’ ಇರಲಿ ಎಂದರು ಹಾನ್ ಯೂ.

ಚೀನಿ ವಾಕ್ಯವನ್ನೇ ಜಪಾನಿ ಕ್ರಮಕ್ಕೆ ತಿರುಗಿಸಿ ಓದುವ ಪದ್ಧತಿಗೆ ‘ಕುಂದೊಕು’ ಎನ್ನುತ್ತಾರೆ. ಚೀನಿಯ ‘ಬಾಯ್ ವೆನ್ ಬು ರು ಯಿ ಜಿಯೆನ್’ ಬಿಡಿಬಿಡಿಯಾಗಿ ‘ನೂರು ಕೇಳು ಅಲ್ಲ ಸಮ ಒಂದು ನೋಡು’. ಜಪಾನಿಯಲ್ಲಿ ‘ಹ್ಯಾಕುಬುನ್ ವಾ ಇಕ್ಕೆನ್ ನಿ ಶಿಕಾಝು’. ಕೇಳು, ನೋಡು ಎರಡೂ ಆನ್ ಓದಿನಲ್ಲಿ ಹಾಗೇ ಉಳಿದವು. ‘ಸಮ ಅಲ್ಲ’ ಮಾತ್ರ ಮನೆಮಾತಿನ ‘ಶಿಕಾಝು’ ಆಗಿ ಕೊನೆಗೆ ಸರಿಯಿತು. ‘ನಿ’ ಇರುವ ಕಡೆ ನಮ್ಮ ‘ಕ್ಕೆ’ ಇಟ್ಟು ನೋಡಿ: ನೂರು ಸಲ ಕೇಳಿದ್ದು ಒಂದು ಸಲ ನೋಡಿದ್ದಕ್ಕೆ ಸಮವಲ್ಲ. ಪದಗಳ ಸಾಲು ಎಲ್ಲೂ ಕದಲುವುದಿಲ್ಲ.